ರೆಕ್ಕೆಯ ಹಿಂದಿನ ಐದನೆಯ ಕಿಟಕಿ

ಮಣಿಪಾಲದ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ನಾನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಟೆಕ್ನೀಷಿಯನ್ ಆಗಿದ್ದೇನೆ. ಕಿಟಕಿ ಇಲ್ಲದ ಕೋಣೆ, ಸೀಸದ ತಗಡು ಹೊಡೆದ ಬಾಗಿಲು. ಬೆಳಗಿನಿಂದ ಸಂಜೆಯವರೆಗೆ "ಉಸಿರು ಎಳೆದುಕೊಳ್ಳಿ, ಹಾಗೇ ಹಿಡಿದುಕೊಳ್ಳಿ, ಈಗ ಬಿಡಿ" ಎಂದು ಹೇಳುತ್ತ ಜನರ ಎಲುಬುಗಳ ನೆರಳು ತೆಗೆಯುವ ಕೆಲಸ. ಅದಕ್ಕೇ ಇರಬೇಕು, ಬಿಡುವು ಸಿಕ್ಕಾಗಲೆಲ್ಲ ನನಗೆ ಆಕಾಶ ಬೇಕೆನಿಸುತ್ತದೆ. ಊಟದ ಹೊತ್ತಿಗೆ ಆಸ್ಪತ್ರೆಯ ತಾರಸಿಗೆ ಹೋಗಿ ನಿಂತರೆ, ಮಂಗಳೂರಿನಲ್ಲಿ ಇಳಿಯಲಿರುವ ವಿಮಾನಗಳು ತಗ್ಗಾಗುತ್ತ ತೆಂಕು ದಿಕ್ಕಿಗೆ ಹೋಗುವುದು ಕಾಣುತ್ತದೆ. ನೋಡುತ್ತ ನೋಡುತ್ತ ಅವುಗಳ ಫೋಟೊ ತೆಗೆಯುವ ಚಟ ಹತ್ತಿತು.

ಕ್ಯಾಮೆರಾ ನನ್ನ ಗಂಡನದು. ಅದರ ಜೊತೆಗೆ ಬಂದಿದ್ದ ಸಣ್ಣ ಲೆನ್ಸಿನಲ್ಲಿ ವಿಮಾನ ಜೀರಿಗೆ ಕಾಳಿನಷ್ಟು ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದರೆ ಅದು ಹುಳು ತಿಂದ ಜೀರಿಗೆ. ಕಳೆದ ಡಿಸೆಂಬರಿನಲ್ಲಿ ಒಂದು ಟೆಲಿಫೋಟೊ ಜೂಮ್ ಲೆನ್ಸ್ ತೆಗೆದುಕೊಂಡೇಬಿಡುವುದು ಎಂದು ತೀರ್ಮಾನ ಮಾಡಿ ಉಡುಪಿಯ ಒಂದು ಕ್ಯಾಮೆರಾ ಅಂಗಡಿಗೆ ಹೋದೆ. ಮಾಲೀಕರು ಮೊದಲು ಮದುವೆಯ ಫೋಟೊ ತೆಗೆಯುತ್ತಿದ್ದವರು. ಸೊಂಟ ನೋವು ಬಂದ ಮೇಲೆ ಅಂಗಡಿ ಹಾಕಿ ಕುಳಿತವರು.

"ನೀವು ತೆಗೆಯುವುದು ಎಂತದ್ದು? ಹಕ್ಕಿಯಾ?"

"ಅಲ್ಲ, ವಿಮಾನ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಹಕ್ಕಿಯವರು ತುಂಬ ಜನ ಬರ್ತಾರೆ. ವಿಮಾನದವರು ನೀವೇ ಮೊದಲು. ಹಕ್ಕಿ ಸಣ್ಣದು, ಆದರೆ ಹತ್ತಿರ ಇರ್ತದೆ. ವಿಮಾನ ದೊಡ್ಡದು, ದೂರ. ನಡುವೆ ಇರುವುದು ಬರೀ ಗಾಳಿ. ಲೆನ್ಸ್ ದೊಡ್ಡದಾದ ಹಾಗೆ ಆ ಗಾಳಿಯೂ ದೊಡ್ಡದಾಗಿ ಕಾಣ್ತದೆ. ಬಿಸಿ, ಧೂಳು, ಮಂಜು ಎಲ್ಲ. ನೀವು ಈಗಲೇ ತೆಗೆದುಕೊಳ್ಳಬೇಡಿ. ಮೂರು ಉಂಟು ನನ್ನ ಹತ್ತಿರ. ಒಂದೊಂದು ವಾರ ಒಂದೊಂದನ್ನು ಬಾಡಿಗೆಗೆ ಕೊಂಡುಹೋಗಿ ನೋಡಿ. ಆಮೇಲೆ ಹೇಳಿ."

ಮೂರರಲ್ಲಿ ಸಣ್ಣದು ಎಪ್ಪತ್ತರಿಂದ ಮುನ್ನೂರು ಮಿಲಿಮೀಟರಿನದು, ಕೈಚೀಲದಲ್ಲಿ ಹಿಡಿಯುವಂಥದ್ದು. ನಡುವಿನದು ನೂರರಿಂದ ನಾನೂರು. ಮೂರನೆಯದು ನೂರೈವತ್ತರಿಂದ ಆರುನೂರು, ಎತ್ತಿದರೆ ಮಣಿಕಟ್ಟು ನೋಯುವಷ್ಟು ಭಾರ. ಸಣ್ಣದರಿಂದ ಶುರು ಮಾಡಿದೆ.

ಶನಿವಾರ ನನಗೆ ಅರ್ಧ ದಿನ. ಮಧ್ಯಾಹ್ನ ಬಸ್ ಹಿಡಿದು ಕಾಪುವಿನಲ್ಲಿ ಇಳಿದು, ದೀಪಸ್ತಂಭದ ಬುಡದ ಬಂಡೆಗಳ ಹತ್ತಿರ ಹೋದೆ. ಗಲ್ಫಿನಿಂದ ಬರುವ ಸಂಜೆಯ ವಿಮಾನವೊಂದು ಶನಿವಾರಗಳಂದು ಐದು ಗಂಟೆ ಕಳೆದ ಮೇಲೆ ಕಾಪುವಿನ ಮೂಡಲಿಗೆ, ಒಳನಾಡಿನ ಮೇಲೆ ಹಾದು, ಕಾರ್ಕಳದ ದಿಕ್ಕಿನಲ್ಲಿ ತಿರುಗಿ ಇಳಿಯಲು ಹೋಗುತ್ತದೆಂದು ಫೋನಿನಲ್ಲಿ ನೋಡಿಕೊಂಡಿದ್ದೆ. ಸೂರ್ಯ ಪಡುವಣಕ್ಕಿರುವುದರಿಂದ ಬೆಳಕು ನೇರ ವಿಮಾನದ ಬಲಮೈಗೆ ಬೀಳುತ್ತದೆ. ಫೋಟೊಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಅಲ್ಲಿ ನಿಂತ ಅರ್ಧ ಗಂಟೆಗೆ ಹಿಂದಿನಿಂದ ಯಾರೋ ತುಳುವಿನಲ್ಲಿ ಏನೋ ಕೇಳಿದರು. ತಿರುಗಿದರೆ ಐವತ್ತರ ಆಸುಪಾಸಿನ ಹೆಂಗಸು, ಸೊಂಟದಲ್ಲಿ ಖಾಲಿ ಮೀನಿನ ಬುಟ್ಟಿ. ನಾನು ಘಟ್ಟದ ಮೇಲಿನವಳು, ತುಳು ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಕನ್ನಡದಲ್ಲಿ ಏನೆಂದು ಕೇಳಿದೆ. ಅವರೂ ಕನ್ನಡಕ್ಕೆ ಹೊರಳಿದರು.

"ಎಲ್ಲರೂ ಸಮುದ್ರದ ಕಡೆ ನೋಡ್ತಾರೆ. ನೀವೊಬ್ಬರು ಊರಿನ ಕಡೆ ತಿರುಗಿ ನಿಂತಿದ್ದೀರಲ್ಲ, ಅದಕ್ಕೆ ಕೇಳಿದೆ."

"ವಿಮಾನಕ್ಕೆ ಕಾಯ್ತಾ ಇದ್ದೇನೆ. ಫೋಟೊ ತೆಗೆಯಲಿಕ್ಕೆ."

ಅವರ ಮುಖ ಬದಲಾಯಿತು. ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಹಾಕಿಕೊಂಡರು. "ಶನಿವಾರದ್ದಾ? ಐದು ಗಂಟೆಯದ್ದಾ?"

"ಹೌದು."

"ಇಲ್ಲಿಂದ ತೆಂಗಿನ ಮರ ಅಡ್ಡ ಬರ್ತದೆ, ಮೇಡಂ. ನಮ್ಮ ತಾರಸಿಗೆ ಬನ್ನಿ. ಅಲ್ಲಿಂದ ಪೂರ್ತಿ ಕಾಣ್ತದೆ."

ಹೋಗಬಾರದು ಎನ್ನಲು ಕಾರಣವಿರಲಿಲ್ಲ. ಮನೆ ಅಲ್ಲೇ, ದಾರಿಯಿಂದ ನಾಲ್ಕು ಹೆಜ್ಜೆ ಒಳಗೆ. ಹೊರಗಿನ ಮೆಟ್ಟಿಲಿನಿಂದ ತಾರಸಿ ಹತ್ತಿದೆವು. ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಹಗ್ಗ, ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿ ಸಮುದ್ರಕ್ಕೆ ಬೆನ್ನು ಹಾಕಿ ಮೂಡಲಿಗೆ ಮುಖ ಮಾಡಿ ಇಟ್ಟದ್ದನ್ನು ಕಂಡಾಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಅವರು ಕೂರಲಿಲ್ಲ. ಗೋಡೆಗೆ ಎರಡೂ ಕೈ ಊರಿ ನಿಂತರು.

ವಿಮಾನ ಬಂತು. ದೂರದಲ್ಲಿ, ತೆಂಗಿನ ತಲೆಗಳ ಮೇಲೆ, ಸದ್ದಿಲ್ಲದೆ. ನಾನು ಕ್ಯಾಮೆರಾ ಎತ್ತಿದೆ.

"ಈಗ," ಎಂದರು ಅವರು, ಮೆಲ್ಲಗೆ.

ವಿಮಾನದ ಮೈಯಲ್ಲಿ ಒಂದು ಕಡೆ ಫಳ್ಳೆಂದು ಬೆಳಕು ಹೊಳೆಯಿತು. ಆರಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಹೊಳೆಯಿತು, ಬೆನ್ನಿಗೇ ಇನ್ನೊಮ್ಮೆ. ಆಮೇಲೆ ವಿಮಾನ ಮಂಜಿನೊಳಗೆ ಮಸುಕಾಯಿತು. ಅದರ ಗುಡುಗು ನಮಗೆ ತಲುಪುವಾಗ ವಿಮಾನ ಅಲ್ಲಿರಲೇ ಇಲ್ಲ.

"ಸಿಕ್ಕಿತಾ?" ಎಂದು ಕ್ಯಾಮೆರಾದ ಪರದೆಯ ಹತ್ತಿರ ತಲೆ ತಂದರು. ಬೂದು ಬಣ್ಣದ ಸಿಬಿರಿನ ಮೇಲೆ ಒಂದು ಬಿಳಿ ಚುಕ್ಕೆ, ಅಷ್ಟೇ. "ಇದು ಯಾವ ಕಿಟಕಿ?"

"ಗೊತ್ತಾಗುವುದಿಲ್ಲ ಅಕ್ಕ. ಈ ಲೆನ್ಸಿಗೆ ಅಷ್ಟು ದೂರ ಎಟುಕುವುದಿಲ್ಲ."

"ಎಟುಕುವಂಥದ್ದು ಉಂಟಾ?"

"ಉಂಟು."

ಚಹಾ ಕುಡಿಯುತ್ತ ಅವರು ಹೇಳಿದ್ದು ಇಷ್ಟು. ಅವರ ಗಂಡ ಗಲ್ಫಿನಲ್ಲಿ ವೆಲ್ಡರ್ ಆಗಿದ್ದವರು. ರಜೆಯಲ್ಲಿ ಬರುವಾಗಲೆಲ್ಲ ಇದೇ ಶನಿವಾರದ ವಿಮಾನ, ಬಲಗಡೆಯ ಕಿಟಕಿ. ಗಡ್ಡ ಕೆರೆಯುವ ಸಣ್ಣ ದುಂಡು ಕನ್ನಡಿಯನ್ನು ಜೇಬಿನಲ್ಲಿ ಇಟ್ಟುಕೊಂಡು, ಕಾಪುವಿನ ದೀಪಸ್ತಂಭ ಕಂಡ ಕೂಡಲೇ ಅದನ್ನು ಗಾಜಿಗೆ ಹಿಡಿದು ಬೆಳಕು ಹೊಡೆಯುತ್ತಿದ್ದರು. ಒಂದು ಹೆಂಡತಿಗೆ, ಎರಡು ಮಕ್ಕಳಿಗೆ. ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ತಾರಸಿಯ ಮೇಲೆ ನಿಂತು ಬಿಳಿ ಪಂಚೆ ಬೀಸುತ್ತಿದ್ದರು. ಮನೆಗೆ ಬಂದವರೇ ಮೊದಲು ಕೇಳುತ್ತಿದ್ದದ್ದು, ಕಂಡಿತಾ ಎಂದು. ಎರಡು ವರ್ಷದ ಹಿಂದೆ ಅಲ್ಲಿಯೇ ರೂಮಿನಲ್ಲಿ ನಿದ್ದೆಯಲ್ಲಿ ತೀರಿಕೊಂಡರು.

"ಪೆಟ್ಟಿಗೆ ಬಂದದ್ದೂ ಇದೇ ವಿಮಾನದಲ್ಲಿ," ಎಂದರು. "ಗಂಡಸರೆಲ್ಲ ಏರ್‌ಪೋರ್ಟಿಗೆ ಹೋಗಿದ್ದರು. ಕೆಳಗೆ ಮನೆ ತುಂಬ ಹೆಂಗಸರು. ನನಗೆ ಉಸಿರು ಕಟ್ಟಿದ ಹಾಗೆ ಆಗಿ ಮೇಲೆ ಬಂದೆ. ಆಗ ವಿಮಾನ ಬಂತು. ಒಂದು. ಆಮೇಲೆ ಎರಡು." ಲೋಟ ಕೆಳಗಿಟ್ಟರು. "ಪೆಟ್ಟಿಗೆಯನ್ನು ಕೆಳಗೆ ಸಾಮಾನಿನ ಜಾಗದಲ್ಲಿ ಇಡುತ್ತಾರಂತೆ, ಅಲ್ವಾ ಮೇಡಂ? ಮತ್ತೆ ಮೇಲೆ ಕಿಟಕಿಯಲ್ಲಿ ಯಾರು?"

ಹೌದು, ಕೆಳಗೇ ಇಡುತ್ತಾರೆ ಎಂದೆ.

"ಅವರ ಬ್ಯಾಗನ್ನು ರೂಮಿನವರು ಒಂದು ತಿಂಗಳ ನಂತರ ತಂದು ಕೊಟ್ಟರು. ಅಂಗಿ, ವಾಚು, ಎಣ್ಣೆ ಬಾಟಲಿ, ಎಲ್ಲ ಇತ್ತು. ಕನ್ನಡಿ ಇರಲಿಲ್ಲ."

ದೊಡ್ಡ ಮಗಳಿಗೆ ಮದುವೆಯಾಗಿದೆ, ಚಿಕ್ಕವಳು ನಿಟ್ಟೆಯಲ್ಲಿ ಓದುತ್ತ ಹಾಸ್ಟೆಲಿನಲ್ಲಿದ್ದಾಳೆ. ಅವಳಿಗೆ ಹೇಳಿದರೆ ಅದು ಬಿಸಿಲು ಅಮ್ಮ ಎನ್ನುತ್ತಾಳಂತೆ. ಮಳೆಗಾಲದಲ್ಲಿ ಏನೂ ಕಾಣುವುದಿಲ್ಲ. ಮೋಡ ಹರಿದ ಮೇಲೆ ಮತ್ತೆ ಶುರು. ಶನಿವಾರ ಸಂಜೆ ಅವರು ಮೀನು ಮಾರಲು ಕೂರುವುದನ್ನೇ ಬಿಟ್ಟಿದ್ದರು.

ಮುಂದಿನ ಶನಿವಾರ ನಡುವಿನ ಲೆನ್ಸ್ ಹಿಡಿದು ಅದೇ ತಾರಸಿಗೆ ಹೋದೆ. ನನ್ನೊಳಗೆ ಒಂದು ಲೆಕ್ಕಾಚಾರವಿತ್ತು. ವಿಮಾನದ ಕಿಟಕಿಗಳೆಲ್ಲ ಒಂದೇ ಸಾಲಿನಲ್ಲಿರುತ್ತವೆ. ಬಿಸಿಲು ಗಾಜಿಗೆ ಬಡಿದು ಹೊಳೆಯುವುದಾದರೆ ಒಂದಾದ ಮೇಲೆ ಒಂದರಂತೆ ಎಲ್ಲವೂ ಹೊಳೆಯಬೇಕು. ಅದನ್ನು ಫೋಟೊದಲ್ಲಿ ತೋರಿಸಿದರೆ ಈ ಹೆಂಗಸಿಗೆ ಸಮಾಧಾನವಾದೀತು. ನಾನೂರು ಮಿಲಿಮೀಟರಿನ ಆ ಲೆನ್ಸ್ ಕೈಯಲ್ಲಿ ಚೆನ್ನಾಗಿ ಕೂತಿತು. ಫೋಕಸ್ ತಡವರಿಸಲಿಲ್ಲ. ವಿಮಾನ ಬಂದಾಗ ಶಟರ್ ಒತ್ತಿ ಹಿಡಿದೆ.

ಒಂದು. ಆಮೇಲೆ ಎರಡು.

ಮನೆಗೆ ಬಂದು, ಬನ್ನಂಜೆಯ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಗಂಡನನ್ನೂ ಕೂರಿಸಿಕೊಂಡು ನೋಡಿದೆ. ಈ ಸಲ ಕಿಟಕಿಗಳು ಸಣ್ಣ ಕಪ್ಪು ಚುಕ್ಕೆಗಳಾಗಿ ಎಣಿಸಲು ಸಿಗುತ್ತಿದ್ದವು. ಬೆಳಕು ಮೂರು ಸಲವೂ ಒಂದೇ ಕಿಟಕಿಯಲ್ಲಿ. ರೆಕ್ಕೆಯ ಹಿಂದಿನಿಂದ ಎಣಿಸಿದರೆ ಐದನೆಯದು. ಅದರ ಮುಂದಿನದ್ದೂ ಹಿಂದಿನದ್ದೂ ಕಪ್ಪಾಗಿಯೇ ಇದ್ದವು.

"ಯಾರೋ ಫೋನ್ ಹಿಡಿದುಕೊಂಡಿರಬಹುದು," ಎಂದರು ನನ್ನ ಗಂಡ.

"ಎರಡು ವಾರವೂ? ಒಂದೇ ರೀತಿ?"

ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು ಇನ್ನೊಮ್ಮೆ ಎಣಿಸಿದರು.

ಲೆನ್ಸ್ ವಾಪಸು ಕೊಡುವಾಗ ಅಂಗಡಿಯವರಿಗೂ ಚಿತ್ರ ತೋರಿಸಿದೆ. ಕತೆ ಹೇಳಲಿಲ್ಲ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಒಂದೊಂದು ಗಾಜು ಸ್ವಲ್ಪ ಓರೆ ಕೂತಿರ್ತದೆ. ಹಾಗೆ ಆಗುವುದುಂಟು," ಎಂದರು. "ಬಿಸಿಲಿನ ಕಡೆಯಿಂದ ನೋಡಿದರೆ ಒಳಗೆ ಎಂತ ಉಂಟು ಅಂತ ಎಂದೂ ಕಾಣುವುದಿಲ್ಲ. ಒಳಗಿನದ್ದು ಕಾಣಬೇಕಾದರೆ ಬೆಳಕು ಆಚೆಯಿಂದ ಬರಬೇಕು."

ನನ್ನ ವೃತ್ತಿಯೇ ಅದು. ಬೆಳಕನ್ನು ಆಚೆಯಿಂದ ಬಿಟ್ಟು ಈಚೆಯಿಂದ ನೋಡುವುದು. ಅದು ನನಗೆ ಮೊದಲೇ ಹೊಳೆಯಬೇಕಿತ್ತು.

ನನ್ನ ಗಂಡ ನಿಟ್ಟೆಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವರು. ಪಕ್ಕದ ಕಾರ್ಕಳದ ಸುತ್ತಿನ ಬಂಡೆಗುಡ್ಡಗಳೆಲ್ಲ ಅವರಿಗೆ ಗೊತ್ತು. ಮೂರನೆಯ ಶನಿವಾರ ದೊಡ್ಡ ಲೆನ್ಸನ್ನೂ ಟ್ರೈಪಾಡನ್ನೂ ಕಾರಿನಲ್ಲಿ ಹಾಕಿಕೊಂಡು ಊರ ಹೊರಗಿನ ಒಂದು ಬೋಳು ಬಂಡೆಗೆ ಕರೆದುಕೊಂಡು ಹೋದರು. ವಿಮಾನ ಅಲ್ಲಿಗೆ ಬರುವಾಗ ಎಡಕ್ಕೆ ವಾಲಿ ತಿರುಗುತ್ತದೆ. ಸೂರ್ಯ ಅದರ ಆಚೆ ಬದಿಗಿರುತ್ತಾನೆ. ಬಲಗಡೆಯ ಕಿಟಕಿಯಿಂದ ಒಳಹೊಕ್ಕ ಬಿಸಿಲು ಎಡಗಡೆಯ ಕಿಟಕಿಯಿಂದ ನಮ್ಮ ಕಡೆ ಹೊರಬರಬೇಕು.

ಕಾಪುವಿನ ಅಕ್ಕನಿಗೆ ಮೊದಲೇ ಹೇಳಿದ್ದೆ. ಅವರು ತಾರಸಿಯಲ್ಲಿ ನಿಂತು ಫೋನಿನಲ್ಲಿ ಇರುವುದು, ಬೆಳಕು ಕಂಡಾಗ ಹೇಳುವುದು. ನಾನು ಈಚೆಯಿಂದ ಫೋಟೊ ತೆಗೆಯುವುದು.

ಬಂಡೆ ದಿನದ ಬಿಸಿಲನ್ನು ಕುಡಿದು ಬೆಚ್ಚಗಿತ್ತು. ಕುಳಿಗಳಲ್ಲಿ ಹಸಿರುಗಟ್ಟಿದ ನೀರು. ಕೆಳಗೆ ಎಲ್ಲೋ ನವಿಲು ಒಂದೇ ಸಮನೆ ಕೂಗಿ ಥಟ್ಟನೆ ನಿಲ್ಲಿಸಿತು. ನಾನು ಟ್ರೈಪಾಡಿನ ಕಾಲುಗಳನ್ನು ಬಂಡೆಯ ಬಿರುಕಿನಲ್ಲಿ ಗಟ್ಟಿ ಮಾಡಿದೆ. ದೊಡ್ಡ ಲೆನ್ಸನ್ನು ಕೆಳಮುಖ ಮಾಡಿದರೆ ಅದರ ಕೊಳವೆ ತನ್ನಷ್ಟಕ್ಕೆ ಜಾರಿ ಉದ್ದವಾಗುತ್ತಿತ್ತು. ಅದನ್ನು ಕಟ್ಟಿಹಾಕುವ ಒಂದು ಗುಂಡಿಯಿತ್ತು, ಒತ್ತಿದೆ. ಗಂಡ ಫೋನನ್ನು ಸ್ಪೀಕರಿಗೆ ಹಾಕಿ ಬಂಡೆಯ ಮೇಲಿಟ್ಟರು. ಅದರಿಂದ ಕಾಪುವಿನ ಕಾಗೆಗಳ ಸದ್ದು ಬರುತ್ತಿತ್ತು. ಇಬ್ಬರ ನಡುವೆ ಅಷ್ಟು ದೂರ, ಆದರೂ ಆ ಹೆಂಗಸಿನ ಉಸಿರು ನನ್ನ ಮಗ್ಗುಲಲ್ಲೇ ಕೇಳುತ್ತಿತ್ತು.

"ಬಂತು, ಮೇಡಂ," ಎಂದರು.

ನಮಗೆ ಅದು ಆಮೇಲೆ ಕಂಡಿತು. ಕಿತ್ತಳೆ ಬಣ್ಣದ ಮಂಜಿನಿಂದ ಕಪ್ಪು ಆಕಾರವೊಂದು ಎದ್ದು ಬಂದ ಹಾಗೆ. ಅದು ಎಡಕ್ಕೆ ವಾಲಲು ಶುರು ಮಾಡಿತು. ನಾನು ಆರುನೂರಕ್ಕೆ ಜೂಮ್ ಮಾಡಿ ಕಣ್ಣಿಟ್ಟೆ. ಕಪ್ಪು ಮೈಯಲ್ಲಿ ಕಿಟಕಿಗಳು ಒಮ್ಮೆಗೇ ಹೊತ್ತಿಕೊಂಡವು. ಒಳಗೆ ದೀಪ ಹಚ್ಚಿದ್ದಲ್ಲ. ಆಚೆಯ ಸೂರ್ಯ ವಿಮಾನವನ್ನು ದಾಟಿ ಈಚೆಗೆ ಬಂದಿದ್ದ. ಪ್ರತಿ ಕಿಟಕಿಯಲ್ಲೂ ಕೆಂಪು ಬೆಳಕು, ಅದರಲ್ಲಿ ಕೂತವರ ತಲೆಗಳ ನೆರಳು. ಸದ್ದಿಲ್ಲ. ಶಟರ್ ಒತ್ತಿದೆ.

"ಒಂಜಿ," ಎಂದಿತು ಬಂಡೆಯ ಮೇಲಿನ ಫೋನು. ಅವರು ಕನ್ನಡ ಮರೆತಿದ್ದರು. ಒಂದು ಉಸಿರಿನಷ್ಟು ಸುಮ್ಮನಿದ್ದು, "ರಡ್ಡ್. ಮೂಜಿ."

ಒಂದು, ಎರಡು, ಮೂರು. ಆಮೇಲೆ ವಿಮಾನ ನೇರವಾಯಿತು, ಕಿಟಕಿಗಳು ಆರಿಹೋದವು. ಗುಡುಗು ಆಗ ಬಂದು ಬಂಡೆಗೆ ಬಡಿಯಿತು.

ನಾನು ಅಲ್ಲೇ ಕೂತು, ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಚಿತ್ರ ಸರಿಸಿದೆ. ರೆಕ್ಕೆಯ ಹಿಂದಿನ ಐದನೆಯ ಕಿಟಕಿ. ಅದರಲ್ಲಿ ಒಂದು ತಲೆಯ ನೆರಳಿತ್ತು. ಕೆಲವು ಚಿತ್ರಗಳಲ್ಲಿ ತಲೆಯ ಪಕ್ಕ ಏನೂ ಇಲ್ಲ. ಕೆಲವಲ್ಲಿ ತಲೆಯ ಪಕ್ಕದಲ್ಲಿ ಒಂದು ಕೈ ಎದ್ದಿತ್ತು. ಕೈ ಎದ್ದ ಚಿತ್ರಗಳು ಮೂರು ಗುಂಪಾಗಿದ್ದವು. ಮೊದಲು ಒಂದು. ಬಿಡುವು. ಆಮೇಲೆ ಒಂದರ ಬೆನ್ನಿಗೆ ಇನ್ನೊಂದು.

ನನ್ನ ಗಂಡ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. "ಬಿಸಿಲು ಕಣ್ಣಿಗೆ ಹೊಡೆದು ಯಾರೋ ಕೈ ಅಡ್ಡ ಹಿಡಿದದ್ದು ಮಾರಾಯ್ತಿ," ಎಂದರು. ಅವರ ದನಿಯಲ್ಲಿ ಬಲವಿರಲಿಲ್ಲ. ಬೇಗ ಇಳಿಯೋಣ ಎಂದು ಟ್ರೈಪಾಡ್ ಮಡಚಿದ್ದೂ ಅವರೇ.

ಫೋನಿನಲ್ಲಿ ಆ ಅಕ್ಕ ಇನ್ನೂ ಇದ್ದರು. "ಮೇಡಂ, ಎಂತ ಕಂಡಿತು?"

"ಮನೆಗೆ ಹೋಗಿ ದೊಡ್ಡದು ಮಾಡಿ ನೋಡಿ ಹೇಳ್ತೇನೆ, ಅಕ್ಕ."

ನೋಡಿದೆ. ಆ ವಾರವಿಡೀ ನೋಡಿದೆ. ನನ್ನನ್ನು ಕಾಡಿದ್ದು ಎದ್ದ ಕೈಯಲ್ಲ. ಕೈಗೆ ಗಂಡ ಹೇಳಿದ ಕಾರಣ ಸಾಕಾಗಬಹುದು. ಕಾಡಿದ್ದು ತಲೆ.

ವಿಮಾನದಲ್ಲಿ ಕೂತವರು ಮುಂದಕ್ಕೆ ಮುಖ ಮಾಡಿ ಕೂತಿರುತ್ತಾರೆ. ಹೊರಗಿನಿಂದ ನೋಡುವವರಿಗೆ ಅವರ ಪಕ್ಕದ ನೋಟ ಸಿಗಬೇಕು. ಬೇರೆ ಕಿಟಕಿಗಳಲ್ಲಿ ಹಾಗೆಯೇ ಇತ್ತು. ಉದ್ದನೆಯ ಬುರುಡೆ, ಒಂದು ಕಡೆ ಮೂಗಿನ ಸಣ್ಣ ಉಬ್ಬು. ಐದನೆಯ ಕಿಟಕಿಯ ತಲೆ ಹಾಗಿರಲಿಲ್ಲ. ಅದು ಕಿರಿದಾಗಿ, ಎರಡೂ ಕಡೆ ಸಮನಾಗಿ, ಕೆಳಗೆ ಹೆಗಲು ಎರಡೂ ಬದಿಗೆ ಒಂದೇ ರೀತಿ ಇಳಿದಿತ್ತು. ಸಾವಿರಾರು ಬುರುಡೆಗಳ ನೆರಳು ತೆಗೆದವಳು ನಾನು. ಅದು ಮುಂದಿನಿಂದ ತೆಗೆದ ನೋಟ, ಇಲ್ಲವೇ ಹಿಂದಿನಿಂದ. ಅಂದರೆ ಕೂತಿದ್ದವರು ಪೂರ್ತಿ ತಿರುಗಿ, ಒಂದೋ ಕಾಪುವಿನ ಕಡೆ ನೋಡುತ್ತಿದ್ದರು, ಇಲ್ಲವೇ ನನ್ನ ಕಡೆ.

ಎರಡರಲ್ಲಿ ಯಾವುದು ಎಂದು ನೆರಳು ಹೇಳುವುದಿಲ್ಲ. ನಮ್ಮ ಕೋರ್ಸಿನಲ್ಲಿ ಮೊದಲ ವರ್ಷವೇ ಕಲಿಸುವ ಪಾಠ ಅದು. ಮುಖ ಮಾಡಿದವನ ಅಂಚೂ ಬೆನ್ನು ಮಾಡಿದವನ ಅಂಚೂ ಒಂದೇ. ಅದಕ್ಕೇ ನಾವು ಪ್ರತಿ ಎಕ್ಸ್‌ರೇಯಲ್ಲೂ ಎಡ ಬಲ ತಿಳಿಯಲು ಸೀಸದ ಅಕ್ಷರವೊಂದನ್ನು ಇಡುತ್ತೇವೆ. ಆ ಕಿಟಕಿಯಲ್ಲಿ ಅಂಥದ್ದೇನೂ ಇರಲಿಲ್ಲ.

ಆ ವಾರ ಕೆಲಸದಲ್ಲಿ ಎರಡು ಸಲ ತಪ್ಪಿದೆ. ಒಬ್ಬ ರೋಗಿಯ ಚಿತ್ರಕ್ಕೆ ಅಕ್ಷರ ಇಡಲು ಮರೆತು ಮತ್ತೆ ತೆಗೆಯಬೇಕಾಯಿತು. ಇನ್ನೊಬ್ಬರು ಎದೆಯನ್ನು ಹಲಗೆಗೆ ಒತ್ತಿ, ನನಗೆ ಬೆನ್ನು ಹಾಕಿ ನಿಂತಿದ್ದರು. ಉಸಿರು ಹಿಡಿಯಿರಿ ಎಂದು ಹೇಳಬೇಕಾದವಳು ಅವರು ತಿರುಗುತ್ತಾರೇನೋ ಎಂದು ಕಾಯುತ್ತ ಸುಮ್ಮನೆ ನಿಂತುಬಿಟ್ಟೆ. ಹಗಲು ಹೊತ್ತು, ಸುತ್ತ ಜನ, ಹೊರಗೆ ಟೋಕನ್ ಕೂಗುವ ಸದ್ದು. ಆದರೂ ಅವರ ಹಿಂತಲೆಯಿಂದ ಕಣ್ಣು ಕೀಳಲಾಗಲಿಲ್ಲ.

ಗುರುವಾರ ರಜೆ ಹಾಕಿ ಕಾಪುವಿಗೆ ಹೋದೆ. ಐದನೆಯ ಕಿಟಕಿಯನ್ನು ಮಾತ್ರ ದೊಡ್ಡದು ಮಾಡಿ ಮುದ್ರಿಸಿದ ಚಿತ್ರವೊಂದನ್ನು ಲಕೋಟೆಯಲ್ಲಿ ಹಾಕಿಕೊಂಡಿದ್ದೆ. ಅವರು ಆಗಷ್ಟೇ ಮಾರುಕಟ್ಟೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಕೈಯನ್ನು ಸೆರಗಿಗೆ ಒರೆಸಿ, ಎರಡು ಬೆರಳಿನಲ್ಲಿ ಅಂಚು ಹಿಡಿದು, ಜಗಲಿಯ ಬೆಳಕಿಗೆ ತಂದು ನೋಡಿದರು. ತುಂಬ ಹೊತ್ತು ನೋಡಿದರು.

"ಮುಖ ಇಲ್ಲ," ಎಂದರು.

"ನೆರಳು ಅಲ್ವಾ ಅಕ್ಕ. ನೆರಳಿನಲ್ಲಿ ಮುಖ ಬರುವುದಿಲ್ಲ."

"ಅವರೇ ಅಂತ ಹೇಳ್ಲಿಕ್ಕೆ ಆಗುವುದಿಲ್ಲ."

"ಇಲ್ಲ."

"ಅವರಲ್ಲ ಅಂತಲೂ?"

"ಅದೂ ಆಗುವುದಿಲ್ಲ."

ಅವರು ಚಿತ್ರವನ್ನು ಸ್ವಲ್ಪ ಓರೆ ಮಾಡಿ ಹಿಡಿದರು, ಹಾಗೆ ಹಿಡಿದರೆ ನೆರಳಿನ ಬದಿ ಕಂಡೀತು ಎನ್ನುವ ಹಾಗೆ. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು.

"ಇದು ಯಾವ ಕಡೆ ನೋಡ್ತಾ ಉಂಟು?"

ನಾವು ಟೆಕ್ನೀಷಿಯನ್‌ಗಳು ಚಿತ್ರ ತೆಗೆಯುವವರು, ಅಷ್ಟೇ. ಅದರಲ್ಲಿ ಏನಿದೆ ಎಂದು ಹೇಳುವುದು ಡಾಕ್ಟರ ಕೆಲಸ. ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ನನ್ನ ಕೈ ಹಿಡಿದು ಕೇಳಿದ್ದಾರೆ, ಏನಾದರೂ ಉಂಟಾ ಸಿಸ್ಟರ್, ನೀವಾದರೂ ಹೇಳಿ ಎಂದು. ಎದೆಯೊಳಗಿನ ಗಡ್ಡೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದರೂ ನಾನು ಒಂದು ದಿನವೂ ಬಾಯಿ ಬಿಟ್ಟವಳಲ್ಲ. ರಿಪೋರ್ಟ್ ಡಾಕ್ಟರು ಕೊಡುತ್ತಾರೆ ಎಂದು ಮಾತ್ರ ಹೇಳಿ ಕಳಿಸಿದ್ದೇನೆ. ಇಲ್ಲಿ ಯಾವ ಡಾಕ್ಟರೂ ಇರಲಿಲ್ಲ.

"ನಿಮ್ಮ ಕಡೆಗೆ," ಎಂದೆ. "ನಾನು ಕಾರ್ಕಳದಲ್ಲಿ ನಿಂತಿದ್ದೆ. ನನಗೆ ಕಂಡದ್ದು ಬೆನ್ನು. ಮುಖ ಕಾಪುವಿನ ಕಡೆ ಉಂಟು."

"ಹೇಗೆ ಗೊತ್ತಾಗ್ತದೆ?"

"ನನ್ನ ಕೆಲಸವೇ ಅದು, ಅಕ್ಕ."

ಅವರು ತಲೆಯಾಡಿಸಿದರು. ಅಳಲಿಲ್ಲ. ಚಿತ್ರವನ್ನು ಮತ್ತೆ ಲಕೋಟೆಗೆ ಹಾಕಿ ನನ್ನ ಕೈಗೇ ಕೊಟ್ಟರು. "ಇದು ಇಲ್ಲಿ ಬೇಡ. ಚಿಕ್ಕವಳು ಬಂದಾಗ ನೋಡಿದರೆ ಸುಮ್ಮನೆ ಹೆದರ್ತಾಳೆ." ಸೆರಗಿಗೆ ಇನ್ನೊಮ್ಮೆ ಕೈ ಒರೆಸಿಕೊಂಡರು. "ಎರಡು ವರ್ಷ ನಾನು ಯೋಚನೆ ಮಾಡ್ತಾ ಇದ್ದದ್ದು ಅದೇ, ಮೇಡಂ. ಅವರಿಗೆ ಇಳಿಯಲಿಕ್ಕೆ ಆಗದೆ ಕರೀತಾ ಇದ್ದಾರಾ, ಅಥವಾ ಸುಮ್ಮನೆ ಬಂದು ನೋಡಿ ಹೋಗ್ತಾ ಇದ್ದಾರಾ ಅಂತ. ನೋಡುವುದಾದರೆ ನೋಡಲಿ. ನೋಡಿಕೊಂಡು ಹೋಗಲಿ."

ಬಾಗಿಲಿನವರೆಗೆ ಬಂದು ಬೀಳ್ಕೊಟ್ಟರು. ಬಸ್ಸಿನಲ್ಲಿ ಉಡುಪಿಗೆ ಬರುವವರೆಗೂ ಆ ಲಕೋಟೆ ನನ್ನ ತೊಡೆಯ ಮೇಲಿತ್ತು. ಅವರಿಗೆ ನಾನು ಕೊಟ್ಟದ್ದು ಒಂದು ನೋಟ. ಇನ್ನೊಂದು ನೋಟ ನನ್ನ ಪಾಲಿಗೆ ಉಳಿದಿತ್ತು. ಬಲಗಡೆಯ ಸೀಟಿನಲ್ಲಿ ಕೂತು, ಬಿಸಿಲಿಗೂ ಊರಿಗೂ ಮನೆಗೂ ಬೆನ್ನು ಹಾಕಿ, ಇಡೀ ವಿಮಾನದ ಅಗಲವನ್ನು ದಾಟಿ, ಬಂಡೆಯ ಮೇಲೆ ಟ್ರೈಪಾಡ್ ಇಟ್ಟವಳನ್ನೇ ನೋಡುತ್ತಿದ್ದ ಯಾರೋ.

ಅಂಗಡಿಗೆ ಹೋಗಿ ಮೂರನೆಯ ಲೆನ್ಸನ್ನು ವಾಪಸು ಕೊಟ್ಟೆ. ನಡುವಿನದನ್ನು ತೆಗೆದುಕೊಳ್ಳುತ್ತೇನೆ ಎಂದೆ.

"ಆರುನೂರು ಬೇಡವಾ? ವಿಮಾನಕ್ಕೆ ಅದೇ ಸರಿ ಅಂತ ನಾನು ಗ್ರಹಿಸಿದ್ದೆ."

"ಭಾರ ಆಗ್ತದೆ."

"ಅದು ಹೌದು," ಎಂದು ಅವರು ಪೆಟ್ಟಿಗೆ ತೆಗೆಯಲು ಒಳಗೆ ಹೋದರು. ನಡುವಿನ ಲೆನ್ಸಿನ ಗುಣಗಳನ್ನೆಲ್ಲ ಆಮೇಲೆ ಅವರೇ ಹೇಳಿದರು. ಕೈಯಲ್ಲಿ ಹಿಡಿದೇ ತೆಗೆಯಬಹುದು, ಸಂಜೆ ಬೆಳಕಿಗೂ ನಡೆಯುತ್ತದೆ, ಮಳೆಹನಿ ಬಿದ್ದರೂ ಪರವಾಗಿಲ್ಲ. ನಾನು ಕೇಳಿಸಿಕೊಂಡೆ. ವಿಮಾನದ ಹೊಟ್ಟೆಯ ಬಣ್ಣ, ಬಾಲದ ಮೇಲಿನ ಚಿತ್ರ, ಚಕ್ರ ಹೊರಬರುವ ಹೊತ್ತು ಎಲ್ಲ ಅದರಲ್ಲಿ ಚೆನ್ನಾಗಿ ಬರುತ್ತದೆ. ಕಿಟಕಿಗಳು ಬರೀ ಚುಕ್ಕೆಗಳಾಗಿ ಉಳಿಯುತ್ತವೆ. ನನಗೆ ಬೇಕಾದದ್ದು ಅಷ್ಟೇ.

ಚಿತ್ರಗಳನ್ನು ಅಳಿಸಿದೆಯಾ ಎಂದು ಗಂಡ ಕೇಳಿದರು. ಅಳಿಸಲಿಲ್ಲ. ಅಳಿಸಲು ಒಂದೊಂದನ್ನೇ ತೆರೆಯಬೇಕಿಲ್ಲ ಎಂದು ಗೊತ್ತಿದ್ದರೂ ಆ ಫೋಲ್ಡರಿನ ಮೇಲೆ ಕೈ ಇಡಲು ಮನಸ್ಸು ಬರುವುದಿಲ್ಲ.

ಜನವರಿಯ ಕೊನೆಗೆ ಒಂದು ಶನಿವಾರ ಧೈರ್ಯ ಮಾಡಿ ಹೊಸ ಲೆನ್ಸಿನೊಂದಿಗೆ ಒಬ್ಬಳೇ ಕಾಪುವಿಗೆ ಹೋದೆ. ಆ ಮನೆಯ ತಾರಸಿಗೆ ಹೋಗಲಿಲ್ಲ. ತೆಂಗಿನ ಮರಗಳು ಅಡ್ಡ ಬಾರದ ಒಂದು ಬಯಲು ಹುಡುಕಿ ನಿಂತೆ. ವಿಮಾನ ಸರಿಯಾದ ಹೊತ್ತಿಗೆ ಬಂತು. ಮೂಗಿನ ಹತ್ತಿರದ ಕಿಟಕಿಯಿಂದ ಶುರುವಾಗಿ ಬಾಲದವರೆಗೆ ಎಲ್ಲ ಕಿಟಕಿಗಳೂ ಒಂದಾದ ಮೇಲೆ ಒಂದರಂತೆ ಹೊಳೆದು ಆರಿದವು, ಯಾರೋ ಬೆರಳು ಎಳೆದ ಹಾಗೆ. ಐದನೆಯದೂ ಉಳಿದವುಗಳ ಹಾಗೆ ಒಮ್ಮೆ ಹೊಳೆದು ಆರಿತು. ನಾನು ಡಿಸೆಂಬರಿನಲ್ಲಿ ಕಾಣಬೇಕೆಂದು ಬಯಸಿದ್ದು ಇದನ್ನೇ. ಬಿಸಿಲಿನ ಓರೆ ಬದಲಾಗಿರಬಹುದು, ವಿಮಾನವೇ ಬೇರೆ ಇರಬಹುದು. ಅಂತೂ ಈಗ ಕಣ್ಣೆದುರು ಕಂಡಾಗ ಸಮಾಧಾನವಾಗಲಿಲ್ಲ. ಆ ಮೂರು ಶನಿವಾರ ಕಂಡದ್ದು ಇದಲ್ಲ ಎಂದು ಮತ್ತಷ್ಟು ಖಚಿತವಾಯಿತು, ಅಷ್ಟೇ.

ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಮೀನು ಮಾರುಕಟ್ಟೆ. ಸಂಜೆಯ ಗದ್ದಲ. ಒಳಗಿನಿಂದ ಯಾರೋ ಮೇಡಂ ಎಂದು ಕರೆದರು. ಆ ಅಕ್ಕ ಮುಂದೆ ಬಂಗುಡೆಯ ರಾಶಿ ಹಾಕಿಕೊಂಡು ಕೂತಿದ್ದರು. ಸುತ್ತ ನಾಲ್ಕೈದು ಜನ ಗಿರಾಕಿಗಳು.

"ಶನಿವಾರ ಕೂತಿದ್ದೀರಿ," ಎಂದೆ.

"ಶನಿವಾರವೇ ವ್ಯಾಪಾರ, ಮೇಡಂ. ನಾಳೆ ಭಾನುವಾರ ಅಲ್ವಾ, ಎಲ್ಲರಿಗೂ ಮೀನು ಬೇಕು." ಅವರ ಕಣ್ಣು ನನ್ನ ಕೈಯಲ್ಲಿದ್ದ ಲೆನ್ಸಿನ ಮೇಲೆ ಹೋಯಿತು, ಅಲ್ಲಿಂದ ನನ್ನ ಮುಖಕ್ಕೆ ಬಂತು. "ಘಟ್ಟದ ಮೇಲಿನವರಿಗೆ ಮೀನು ಆಗ್ತದಾ?"

"ಮದುವೆಯಾಗಿ ಬಂದ ಮೇಲೆ ಕಲಿತೆ."

"ಹಾಗಾದರೆ ಇದು ಕೊಂಡುಹೋಗಿ. ಇವತ್ತಿನದ್ದೇ, ಐಸ್ ಹಾಕದ್ದು." ಬಂಗುಡೆಯೊಂದನ್ನು ಎತ್ತಿ ಕಿವಿರು ಬಿಡಿಸಿ ಕೆಂಪು ತೋರಿಸಿದರು. ಆಮೇಲೆ ಒಂದೊಂದನ್ನೇ ಆರಿಸಿ ಕಾಗದದ ಮೇಲೆ ಜೋಡಿಸಲು ಶುರು ಮಾಡಿದರು. ಪಕ್ಕದ ಗಿರಾಕಿ ನನಗೆ ಮೊದಲು ಎಂದು ತಕರಾರು ತೆಗೆದ. ಅವನಿಗೆ ತುಳುವಿನಲ್ಲಿ ಎರಡು ಮಾತು ಜೋರಾಗಿ ಹೇಳಿ, ನನ್ನ ಕಡೆ ತಿರುಗಿ, ಸಾರು ಮಾಡುವುದಾ ಹುರಿಯುವುದಾ ಎಂದು ಕೇಳಿದರು.

ಹುರಿಯುವುದು ಎಂದೆ. ಅವರು ಕತ್ತಿಯನ್ನು ಹತ್ತಿರ ಎಳೆದುಕೊಂಡರು.